ವಂಡರ್‌ಲಾಕ್ಕೆ ಹೊರಟಿದ್ದೀರಾ? ಟಿಕೆಟ್ಟಿನ ಜೊತೆ ಹೊಟ್ಟೆಯ ಲೆಕ್ಕವನ್ನೂ ಹಾಕಿ

ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂತು ಅಂದ್ರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬೆಂಗಳೂರು ಹತ್ತಿರದ ಆಟದ ಪಾರ್ಕಾದ ವಂಡರ್‌ಲಾ ಮಾತು ಶುರು. ಟಿಕೆಟ್ ರೇಟು ಎಲ್ಲರೂ ನೋಡುತ್ತಾರೆ. ರೈಲಿನ ಚಾರ್ಜು, ಬಸ್ಸಿನ ಚಾರ್ಜು ಕೂಡಿಸುತ್ತಾರೆ. ಊಟದ ಮಾತು ಬಂದಾಗ ಮಾತ್ರ "ಅಲ್ಲೇ ಏನಾದ್ರೂ ತಿಂದ್ರಾಯ್ತು" ಎಂದು ಬಿಟ್ಟುಬಿಡುತ್ತಾರೆ. ಐದು ಜನರ ಮನೆಯಲ್ಲಿ ಈ "ಏನಾದ್ರೂ" ಸಾವಿರಗಟ್ಟಲೆ ರೂಪಾಯಿ ತಿನ್ನುತ್ತದೆ. ಅಷ್ಟು ಖರ್ಚು ಮಾಡಿಯೂ ಹೊಟ್ಟೆ ತುಂಬ ಉಂಡ ಸಮಾಧಾನ ಇರುವುದಿಲ್ಲ. ಅದೇ ನನಗೆ ಹೆಚ್ಚು ಬೇಸರದ ಸಂಗತಿ.

ಇದಕ್ಕೆ ಕಾರಣ ಬಹಳ ಸರಳ. ಪ್ರವಾಸದಲ್ಲಿ ಎಷ್ಟು ಊಟ ಬರುತ್ತವೆ ಅಂತ ನಾವು ಎಣಿಸುತ್ತೇವೆ. ಎಷ್ಟು ಸಲ ಹಸಿವಾಗುತ್ತದೆ ಅಂತ ಎಣಿಸುವುದೇ ಇಲ್ಲ. ನೀರಿನಲ್ಲಿ ಆಡಿದ ಮಗುವಿಗೆ ಎರಡು ತಾಸಿಗೊಮ್ಮೆ ಹಸಿವಾಗುತ್ತದೆ. ಸಕ್ಕರೆ ಕಾಯಿಲೆ ಇರುವ ಅಜ್ಜಿ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು. ಈ ನಡುನಡುವಿನ ಹಸಿವೇ ರೊಕ್ಕ ಖಾಲಿ ಮಾಡುವುದು. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡೋಣ.

1. ಮೊದಲು ಹಸಿವಿನ ಹೊತ್ತು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಬಾಗಿಲು ಹಾಕುವ ಹೊತ್ತಿನಿಂದ ತಿರುಗಿ ಬಂದು ಬಾಗಿಲು ತೆಗೆಯುವ ಹೊತ್ತಿನವರೆಗೆ ಬರೆಯುತ್ತ ಹೋಗಿ. ರಾತ್ರಿ ರೈಲಿಗೆ ಹುಬ್ಬಳ್ಳಿ ಬಿಟ್ಟು, ಮರುದಿನ ಪಾರ್ಕ್ ನೋಡಿ, ಅದೇ ರಾತ್ರಿ ವಾಪಸ್ ಹೊರಡುವ ಮನೆಯವರ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ರೈಲಿನಲ್ಲಿ ರಾತ್ರಿ ಊಟ, ಬೆಳಿಗ್ಗೆ ಇಳಿದ ಕೂಡಲೇ ಚಹಾ ಮತ್ತು ಮಕ್ಕಳಿಗೆ ಹಾಲು, ಪಾರ್ಕಿಗೆ ಹೋಗುವ ಮೊದಲು ನಾಷ್ಟಾ, ಮಧ್ಯಾಹ್ನದ ಊಟ, ನಾಲ್ಕು ಗಂಟೆಯ ಹಸಿವು, ಹೊರಗೆ ಬಂದ ಮೇಲೆ ಚಹಾ, ರಾತ್ರಿ ಊಟ. ಏಳು ಹೊತ್ತಾಯಿತು. ಬೆಳಿಗ್ಗೆ ಹುಬ್ಬಳ್ಳಿಗೆ ಇಳಿಯುವ ಮುಂಚೆ ಚಹಾ ಬೇಕೆನ್ನುವವರು ಇದ್ದರೆ ಎಂಟು.

ಪ್ರತಿ ಹೊತ್ತಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಮನೆಯ ಬುತ್ತಿ, ಹೊರಗಿನ ಹೋಟೆಲ್, ಪಾರ್ಕಿನ ಒಳಗೆ. ದುಬಾರಿ ಬೀಳುವುದು ಮೂರನೆಯದು. ಅದು ಎರಡಕ್ಕಿಂತ ಜಾಸ್ತಿ ಹೊತ್ತಿನ ಮುಂದೆ ಬೀಳದ ಹಾಗೆ ನೋಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

2. ಗೇಟಿನ ನಿಯಮ ತಿಳಿದುಕೊಂಡೇ ಬುತ್ತಿ ಕಟ್ಟಿ

ಬಿಡದಿ ಹತ್ತಿರದ ವಂಡರ್‌ಲಾ 2005ರಲ್ಲಿ ಶುರುವಾಯಿತು. ಅಲ್ಲಿ ಹೊರಗಿನ ತಿಂಡಿ-ಊಟ ಒಳಗೆ ಬಿಡುವುದಿಲ್ಲ. ದೊಡ್ಡ ಪಾರ್ಕುಗಳಲ್ಲಿ ಬಹುತೇಕ ಇದೇ ಪದ್ಧತಿ. ಮೂರು ಡಬ್ಬಿ ಬುತ್ತಿ ಹೊತ್ತು ಗೇಟಿಗೆ ಹೋದರೆ ಅಲ್ಲಿ ನಿಂತು ಗಡಿಬಿಡಿಯಲ್ಲಿ ತಿನ್ನಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಅನ್ನ ಚೆಲ್ಲುವ ಸಂಕಟ ಯಾಕೆ?

ಕೈಗೂಸಿನ ಆಹಾರಕ್ಕೆ, ವೈದ್ಯರು ಹೇಳಿದ ಪಥ್ಯದ ತಿನಿಸಿಗೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಆದರೂ ಹೊರಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ ಕೇಳಿಬಿಡಿ. ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಖಾಲಿ ನೀರಿನ ಬಾಟಲಿ ಒಳಗೆ ತರಬಹುದಾ? ಕುಡಿಯುವ ನೀರಿನ ನಲ್ಲಿ ಎಲ್ಲೆಲ್ಲಿ ಇವೆ? ಮಧ್ಯಾಹ್ನ ಹೊರಗೆ ಹೋಗಿ ಮತ್ತೆ ಒಳಗೆ ಬರಲು ಬಿಡ್ತೀರಾ? ಐದು ನಿಮಿಷದ ಫೋನು. ಇದರಿಂದ ಉಳಿಯುವ ರೊಕ್ಕ ದೊಡ್ಡದು.

3. ಬುತ್ತಿ: ನಮ್ಮ ಕಡೆಯವರಿಗೆ ಇದು ದೊಡ್ಡ ಆಸ್ತಿ

ಪ್ರವಾಸದ ಊಟದಲ್ಲಿ ನಮ್ಮ ಭಾಗದವರಿಗೆ ಇರುವ ಅನುಕೂಲ ಬೇರೆಯವರಿಗೆ ಕಡಿಮೆ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಪುಡಿಗಳೂ ಕೆಡುವುದಿಲ್ಲ. ಇವಕ್ಕೆ ಫ್ರಿಜ್ಜೂ ಬೇಡ, ಬಿಸಿ ಮಾಡುವುದೂ ಬೇಡ. ಮನೆಯಲ್ಲಿ ಬಡಿಯಲು ಪುರಸೊತ್ತಿಲ್ಲ ಅಂದ್ರೆ ಓಣಿಗೊಂದು ರೊಟ್ಟಿ ಮಾಡಿಕೊಡುವವರ ಮನೆ ಇದ್ದೇ ಇರುತ್ತದೆ. ಎರಡು ದಿನ ಮುಂಚೆ ಹೇಳಿಡಿ.

ಬುತ್ತಿ ಕಟ್ಟುವಾಗ ನೆನಪಿಡಬೇಕಾದ್ದು ಒಂದೇ: ಬೇಗ ಕೆಡುವುದನ್ನು ಮೊದಲು ಉಣ್ಣಬೇಕು. ಅನ್ನದ ಪದಾರ್ಥಗಳನ್ನು ಹೊರಟ ರಾತ್ರಿಯೇ ಮುಗಿಸಿ. ಮೊಸರನ್ನ ಹುಳಿಯಾಗಬಾರದು ಅಂದ್ರೆ ಅನ್ನ ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ ಕಲಸಿ. ಮೊಸರು ಒಂದೆರಡು ಚಮಚ ಸಾಕು. ಉಣ್ಣುವ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಉಳ್ಳಾಗಡ್ಡಿ ಹಾಕಿದ ತಾಲಿಪಟ್ಟು ಬೇಸಿಗೆಯಲ್ಲಿ ಬೇಗ ವಾಸನೆ ಬರುತ್ತದೆ. ಪ್ರವಾಸಕ್ಕೆ ಉಳ್ಳಾಗಡ್ಡಿ ಬಿಟ್ಟು ಮೆಂತೆ ಸೊಪ್ಪು, ಎಳ್ಳು ಹಾಕಿ ಮಾಡಿ. ಚಪಾತಿ ಹಿಟ್ಟಿಗೆ ನೀರಿನ ಜೊತೆ ಸ್ವಲ್ಪ ಎಣ್ಣೆ ಹಾಕಿ ನಾದಿದರೆ ಮರುದಿನವೂ ಮೆತ್ತಗೇ ಇರುತ್ತದೆ. ಪಲ್ಯ ಒಯ್ಯಲೇಬೇಕಾದರೆ ನೀರಾಡುವುದು ಬೇಡ. ಹಿಟ್ಟಿನ ಪಲ್ಯ ಅಥವಾ ಒಣಗಿಸಿ ಮಾಡಿದ ಆಲೂಗಡ್ಡೆ ಪಲ್ಯ ಒಳ್ಳೆಯದು. ಎಣಗಾಯಿ ಎಷ್ಟೇ ರುಚಿ ಇದ್ದರೂ ರೈಲಿನಲ್ಲಿ ಎಣ್ಣೆ ಸೋರಿ ಚೀಲ ಹಾಳು.

ರೊಟ್ಟಿ ಮುರಿಯದ ಹಾಗೆ ಒಯ್ಯುವುದಕ್ಕೂ ಒಂದು ರೀತಿ ಇದೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಕೆಳಗೊಂದು ಒಣ ಪಂಚೆ ತುಂಡು ಹಾಸಿ. ರೊಟ್ಟಿ ಜೋಡಿಸಿ, ಮೇಲೆ ಅದೇ ಬಟ್ಟೆಯನ್ನು ಮಡಚಿ ಮುಚ್ಚಳ ಹಾಕಿ. ಬಟ್ಟೆ ಒಂಚೂರು ಹಸಿ ಇದ್ದರೂ ರೊಟ್ಟಿ ಮೆತ್ತಗಾಗುತ್ತದೆ. ಚಟ್ನಿಪುಡಿಯನ್ನು ದೊಡ್ಡ ಡಬ್ಬಿಯಲ್ಲಿ ಒಯ್ಯುವ ಬದಲು ಹೊತ್ತಿಗೊಂದರಂತೆ ಸಣ್ಣ ಪೊಟ್ಟಣ ಕಟ್ಟಿ. ಎಣ್ಣೆಗೆ ಬಿಗಿ ಮುಚ್ಚಳದ ಪುಟ್ಟ ಬಾಟಲಿ. ಮಕ್ಕಳಿಗಾಗಿ ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯನ್ನೇ ಹಾಕಿ, ಬಣ್ಣ ಬರುತ್ತದೆ, ಖಾರ ಕಡಿಮೆ.

ನಡುನಡುವಿನ ಹಸಿವಿಗೆ ಹಚ್ಚಿದ ಅವಲಕ್ಕಿ, ಒಗ್ಗರಣೆ ಚುರುಮುರಿ, ಶೇಂಗಾ ಉಂಡಿ, ಬಾಳೆಹಣ್ಣು ಸಾಕು. ಬಾಳೆಹಣ್ಣನ್ನು ಮಾತ್ರ ಬೆಂಗಳೂರಿನಲ್ಲೇ ಕೊಳ್ಳಿ. ಇಲ್ಲಿಂದ ಒಯ್ದರೆ ಚೀಲದಲ್ಲಿ ಜಜ್ಜಿಹೋಗುತ್ತದೆ.

ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋಗುವವರು ಇನ್ನೊಂದು ಖರ್ಚು ಬರೆದುಕೊಳ್ಳಿ. ಧಾರವಾಡ ಪೇಡೆ ಇಲ್ಲದೆ ಬರಿಗೈಲಿ ಹೋಗಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಒಂದು ಕಿಲೋ ಪೇಡೆಯ ರೊಕ್ಕವನ್ನು ಊಟದ ಲೆಕ್ಕದಲ್ಲೇ ಸೇರಿಸಿ. ಅವರ ಮನೆಯಲ್ಲಿ ಒಂದು ಹೊತ್ತು ಉಂಡರೆ ಅದು ಸರಿಹೋಗುತ್ತದೆ. ಪಾರ್ಕಿಗೆ ಒಯ್ಯಲಾಗದ ಬುತ್ತಿ ಚೀಲವನ್ನೂ ಅಲ್ಲೇ ಇಡಬಹುದು.

4. ದಾರಿಯ ಊಟ

ರೈಲಿನಲ್ಲಿ ಹೋಗುವವರಿಗೆ ಮೊದಲ ಮಾತು: ನೀರು, ಹಣ್ಣು ಏನೇ ಕೊಳ್ಳುವುದಿದ್ದರೂ ನಿಮ್ಮ ಬೋಗಿ ನಿಲ್ಲುವ ಜಾಗ ಗೊತ್ತಾದ ಮೇಲೆ ಕೊಳ್ಳಿ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಈ ತುದಿಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಆ ತುದಿಗೆ ಮಕ್ಕಳ ಜೊತೆ ಓಡುವುದು ಆಗದ ಮಾತು.

ಧಾರವಾಡ-ಬೆಂಗಳೂರು ವಂದೇ ಭಾರತ್ 2023ರ ಜೂನ್‌ನಲ್ಲಿ ಶುರುವಾಯಿತು. ಅದರ ಟಿಕೆಟ್ ತೆಗೆಯುವಾಗ ಊಟ ಬೇಡ ಎಂದು ಆರಿಸುವ ಅವಕಾಶ ಇದೆ. ಬೇಡ ಅಂದರೆ ಟಿಕೆಟ್ ದರ ಅಷ್ಟು ಇಳಿಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವವರು ಸುಮ್ನೆ ಊಟಕ್ಕೂ ರೊಕ್ಕ ಕಟ್ಟಬೇಡಿ. ಬೇರೆ ರೈಲುಗಳಲ್ಲಿ ಊಟ ಬೇಕಾದರೆ 1323ಕ್ಕೆ ಫೋನ್ ಮಾಡಿ ಮುಂದಿನ ದೊಡ್ಡ ನಿಲ್ದಾಣಕ್ಕೆ ತರಿಸಿಕೊಳ್ಳಬಹುದು. ರೈಲಿನೊಳಗೆ ಮಾರಲು ಬರುವವರ ಹತ್ತಿರ ಕೊಂಡರೆ ದರಪಟ್ಟಿ ಕೇಳಿ, ಬಿಲ್ಲು ಕೇಳಿ. ಸಾದಾ ಸಸ್ಯಾಹಾರಿ ಊಟಕ್ಕೆ ರೈಲ್ವೆ ಗೊತ್ತುಮಾಡಿದ ದರ ನಿಲ್ದಾಣದಲ್ಲಿ 70, ರೈಲಿನಲ್ಲಿ 80 ರೂಪಾಯಿ. ಜಾಸ್ತಿ ಕೇಳಿದರೆ 139ಕ್ಕೆ ದೂರು ಕೊಡಬಹುದು.

ಕಾರಿನವರಿಗೆ ದಾವಣಗೆರೆ ಸುಮಾರು 150 ಕಿಲೋಮೀಟರ್. ನಸುಕಿನಲ್ಲಿ ಹೊರಟರೆ ನಾಷ್ಟಾಕ್ಕೆ ಅಲ್ಲಿರುತ್ತೀರಿ. ಹೆದ್ದಾರಿಯ ದೊಡ್ಡ ಹೋಟೆಲ್ ಬಿಟ್ಟು ಊರೊಳಗೆ ಹೋಗಿ ಬೆಣ್ಣೆ ದೋಸೆ ತಿನ್ನಿ. ಅರ್ಧ ತಾಸು ಜಾಸ್ತಿ ಆಗಬಹುದು, ಆದರೆ ಆ ದೋಸೆ ಪ್ರವಾಸದ ಲೆಕ್ಕದಲ್ಲೇ ಬರಬೇಕಾದ ಖುಷಿ. ನನ್ನ ಅಭಿಪ್ರಾಯ ಇಷ್ಟೇ: ಎಲ್ಲ ಕಡೆ ಕೈ ಬಿಗಿ ಹಿಡಿಯಬೇಡಿ. ಆ ಊರಿಗೇ ಸೇರಿದ ತಿನಿಸಿಗೆ ಖರ್ಚು ಮಾಡಿ, ಎಲ್ಲೆಲ್ಲೂ ಸಿಗುವ ಪೊಟ್ಟಣದ ಚಿಪ್ಸಿಗೆ ಬೇಡ.

5. ಗೇಟು ತೆರೆಯುವ ಮೊದಲೇ ಹೊಟ್ಟೆ ತುಂಬಿರಲಿ

ಇಡೀ ದಿನದ ಖರ್ಚು ನಿರ್ಧಾರವಾಗುವುದು ಈ ನಾಷ್ಟಾದಲ್ಲಿ. ವಂಡರ್‌ಲಾ ತೆರೆಯುವುದು ಬೆಳಿಗ್ಗೆ 11ರ ಆಸುಪಾಸಿಗೆ. ಆರು ಗಂಟೆಗೆ ಬೆಂಗಳೂರಿಗೆ ಇಳಿದು, ಬರೀ ಚಹಾ-ಬಿಸ್ಕೀಟಿನಲ್ಲಿ ಗೇಟಿಗೆ ಹೋದ ಮಕ್ಕಳು ಒಳಗೆ ಕಾಲಿಟ್ಟ ಕೂಡಲೇ "ಅವ್ವಾ, ಹಸಿವು" ಅನ್ನುತ್ತವೆ. ಅಲ್ಲಿಗೆ ಒಳಗಿನ ಮೊದಲ ಬಿಲ್ಲು.

ಬಿಡದಿ ಅಂದ್ರೆ ತಟ್ಟೆ ಇಡ್ಲಿ. ಮೈಸೂರು ರಸ್ತೆಯಲ್ಲಿ ಹೋಗುವವರು ನಿಲ್ಲುವುದೇ ಅದಕ್ಕೆ. ಒಂಬತ್ತೂವರೆಯಿಂದ ಹತ್ತರೊಳಗೆ ಅಲ್ಲಿ ಕೂತು ನಿಧಾನವಾಗಿ ತಿನ್ನಿ. ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದು ಇಡ್ಲಿ ಮೇಲೊಂದು ವಡೆ. ಗೇಟಿಗೆ ಹೋಗಿ, ಟಿಕೆಟ್ ತೋರಿಸಿ, ಲಾಕರ್ ಹಿಡಿಯುವ ಹೊತ್ತಿಗೆ ಒಂದು ತಾಸು ಕಳೆದಿರುತ್ತದೆ. ತುಂಬಿದ ಹೊಟ್ಟೆಯಲ್ಲಿ ತಿರುಗುವ ಆಟ ಹತ್ತಿದರೆ ವಾಂತಿ ಗ್ಯಾರಂಟಿ, ಹಾಗಾಗಿ ಈ ಒಂದು ತಾಸಿನ ಅಂತರ ಬೇಕೇ ಬೇಕು. ಹೀಗೆ ತಿಂದವರಿಗೆ ಮಧ್ಯಾಹ್ನ ಎರಡರವರೆಗೆ ಊಟದ ನೆನಪಾಗುವುದಿಲ್ಲ.

6. ಒಳಗಿನ ಊಟ: ಒಂದೇ ಸಲ, ಚೆನ್ನಾಗಿ

ಒಳಗೆ ಒಂದು ಊಟ ಮಾಡಿಬಿಡಿ. ಮೂರು ಸಲ ಸಣ್ಣ ಸಣ್ಣ ತಿಂಡಿ ತಿನ್ನುವುದಕ್ಕಿಂತ ಕೂತು ಉಣ್ಣುವ ಒಂದು ಊಟ ಅಗ್ಗ. ಕಾಲಿಗೂ ವಿಶ್ರಾಂತಿ. ಒಂದರಿಂದ ಎರಡರವರೆಗೆ ಎಲ್ಲ ಕೌಂಟರಿನಲ್ಲೂ ಸಾಲು ಇರುತ್ತದೆ. ಅದೇ ಹೊತ್ತಿನಲ್ಲಿ ಆಟಗಳ ಸಾಲು ಸಣ್ಣದಾಗುತ್ತದೆ. ಆಗ ಆಡಿ, ಎರಡೂಕಾಲು ಗಂಟೆಗೆ ಉಣ್ಣಲು ಹೋಗಿ.

ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯುವಾಗ ಊಟ ಸೇರಿದ ಟಿಕೆಟ್ ಕಂಡರೆ ಕೂಡಲೇ ಒತ್ತಬೇಡಿ. ತಲೆಗೆ ಎಷ್ಟು ಜಾಸ್ತಿ ಬೀಳುತ್ತದೆ ನೋಡಿ. ಬಫೆ ಆದರೆ ಹಸಿದ ದೊಡ್ಡವರಿಗೆ ಲಾಭ. ಎರಡು ಪೂರಿ ತಿಂದು ಎದ್ದು ಓಡುವ ಆರು ವರ್ಷದ ಮಗುವಿಗೆ, ಅನ್ನ-ಮೊಸರು ಬಿಟ್ಟು ಬೇರೇನೂ ಮುಟ್ಟದ ಅಜ್ಜಿಗೆ ನಷ್ಟ. ಮೂವರಿಗೆ ಬಫೆ, ಇಬ್ಬರಿಗೆ ಬಿಡಿ ಪದಾರ್ಥ ಅಂತ ಮಾಡಿದರೆ ಸರಿಹೋಗುತ್ತದೆ.

ನಾಲ್ಕು ಗಂಟೆಯ ಹಸಿವಿಗೆ ಬೇರೆ ರೊಕ್ಕ ತೆಗೆದಿಡಿ. ನೀರಿನ ಆಟ ಮುಗಿಸಿ ಹೊರಗೆ ಬಂದ ಮಗು ಚಳಿಗೆ ನಡುಗುತ್ತ, ತುಟಿ ನೀಲಿ ಮಾಡಿಕೊಂಡು ನಿಂತಿರುತ್ತದೆ. ಆಗ ಅದಕ್ಕೆ ಬೇಕಾದ್ದು ಬಿಸಿ ಏನಾದರೂ. ಮೊದಲು ಮೈ ಒರೆಸಿ, ಒಣ ಬಟ್ಟೆ ಹಾಕಿ, ಬಿಸಿ ಹಾಲೋ ಮೆಕ್ಕೆಜೋಳದ ಕಾಳೋ ಕೊಡಿಸಿ. ಐಸ್‌ಕ್ರೀಂ ಅದಾದ ಮೇಲೆ.

7. ಮಕ್ಕಳ ಕೈಗೆ ಮಕ್ಕಳ ರೊಕ್ಕ

ಅದು ಬೇಕು ಇದು ಬೇಕು ಎಂಬ ಹಟಕ್ಕೆ ಬೈಗುಳಕ್ಕಿಂತ ಒಳ್ಳೆಯ ಮದ್ದು ಇದೆ. ಹೊರಡುವ ಹಿಂದಿನ ದಿನವೇ ಪ್ರತಿ ಮಗುವಿಗೆ ಇಂತಿಷ್ಟು ಅಂತ ಕೊಟ್ಟು ಹೇಳಿ: "ಇದು ನಿನ್ನದು. ಐಸ್‌ಕ್ರೀಮಾದರೂ ತಿನ್ನು, ಪಾಪ್‌ಕಾರ್ನ್ ಆದರೂ ತಿನ್ನು. ಉಳಿದದ್ದೂ ನಿನ್ನದೇ." ಎಂಟು ವರ್ಷದ ಮಗು ಕೂಡ ತನ್ನ ರೊಕ್ಕ ಅಂದ ಕೂಡಲೇ ದರಪಟ್ಟಿ ಓದಲು ಶುರು ಮಾಡುತ್ತದೆ. ಮೂರು ಅಂಗಡಿ ಸುತ್ತಿ ಆರಿಸುತ್ತದೆ. ಒಂದು ಷರತ್ತು ನೀವೂ ಪಾಲಿಸಬೇಕು: ಆ ರೊಕ್ಕ ಮುಗಿದ ಮೇಲೆ ಕರಗಿ ಮತ್ತೆ ಕೊಡಬಾರದು. ಅದನ್ನು ಅಜ್ಜಿಗೂ ಮೊದಲೇ ಹೇಳಿಡಿ.

ನೀರಿನ ಆಟದ ಹೊತ್ತಿನಲ್ಲಿ ಫೋನು ಲಾಕರಿನಲ್ಲಿ ಇರುತ್ತದೆ. ಆಗ ಸ್ಕ್ಯಾನ್ ಮಾಡಿ ಕೊಡಲಾಗದು. ನೂರರ, ಐವತ್ತರ ನೋಟು ಒಂದಷ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಪೌಚಿನಲ್ಲಿ ಹಾಕಿ, ಆಟ ಆಡದೆ ಕೂತಿರುವವರ ಹತ್ತಿರ ಕೊಡಿ. ಕಾರ್ಡಿಗೆ ಮೊದಲೇ ರೊಕ್ಕ ತುಂಬಿಸುವ ಪಾರ್ಕಾದರೆ ಒಂದೇ ಸಲ ಜಾಸ್ತಿ ತುಂಬಿಸಬೇಡಿ. ಉಳಿದದ್ದನ್ನು ವಾಪಸ್ ಕೊಡುವ ಕೌಂಟರ್ ಎಲ್ಲಿದೆ, ಎಷ್ಟಕ್ಕೆ ಮುಚ್ಚುತ್ತದೆ ಎಂದು ಒಳಗೆ ಬರುವಾಗಲೇ ಕೇಳಿ.

8. ಬಿಲ್ಲು ಓದಿ ರೊಕ್ಕ ಕೊಡಿ

ಹೋಟೆಲ್ ಊಟಕ್ಕೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ. ದರಪಟ್ಟಿಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ನೋಡಿ. 1,500 ರೂಪಾಯಿ ಊಟಕ್ಕೆ ಅದು 75 ರೂಪಾಯಿ. ಸರ್ವಿಸ್ ಚಾರ್ಜ್ ಬೇರೆ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಯಬೇಕು. ಜಗಳ ಬೇಕಾಗಿಲ್ಲ, ನಯವಾಗಿ ಕೇಳಿ.

ನೀರಿನ ಬಾಟಲಿ ವಿಷಯದಲ್ಲಿ ಬಹಳ ಜನರಿಗೆ ಗೊಂದಲ. ಅಂಗಡಿಯಲ್ಲಿ ಬಾಟಲಿ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕೂರಿಸಿ ಬಡಿಸುವ ಹೋಟೆಲುಗಳು ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಬಾಟಲಿಯನ್ನು ಅಂಗಡಿಯಲ್ಲಿ ಕೊಳ್ಳಿ, ಊಟದ ಟೇಬಲ್ಲಿಗೆ ತರಿಸಬೇಡಿ. ಅದಕ್ಕಿಂತ ಒಳ್ಳೆಯದು ನಲ್ಲಿಯ ಕುಡಿಯುವ ನೀರು ತುಂಬಿಸಿಕೊಳ್ಳುವುದು. ದೂರು ಕೊಡಬೇಕಾದರೆ ಗ್ರಾಹಕ ಸಹಾಯವಾಣಿ 1915.

9. ಈಗ ಅಂಕಿ ಕೂಡಿಸೋಣ

ಅಪ್ಪ, ಅವ್ವ, ಅಜ್ಜಿ, ಇಬ್ಬರು ಮಕ್ಕಳು. ಕೆಳಗಿನವು ಲೆಕ್ಕ ಹಾಕುವ ರೀತಿ ತೋರಿಸಲು ಹಿಡಿದ ಅಂಕಿಗಳು. ನೀವು ಹೋಗುವ ದಿನದ ರೇಟು ಕೇಳಿ ನಿಮ್ಮದನ್ನು ತುಂಬಿಸಿ.

ಬುತ್ತಿ ಸಾಮಾನಿಗೆ 200. ಬೆಳಗಿನ ಚಹಾ-ಹಾಲಿಗೆ 100. ಬಿಡದಿಯ ನಾಷ್ಟಾ ತಲೆಗೆ 80ರಂತೆ 400. ಒಳಗಿನ ಊಟ ತಲೆಗೆ 300ರಂತೆ 1,500. ನಾಲ್ಕು ಗಂಟೆಯ ತಿಂಡಿಗೆ 500. ನೀರು, ಜ್ಯೂಸಿಗೆ 300. ಮಕ್ಕಳ ಕೈಗೆ ತಲಾ 100ರಂತೆ 200. ಹೊರಗೆ ಬಂದ ಮೇಲೆ ಚಹಾಕ್ಕೆ 150. ರಾತ್ರಿ ಊಟ ತಲೆಗೆ 120ರಂತೆ 600. ಒಟ್ಟು 3,950 ರೂಪಾಯಿ. ಅದರ ಮೇಲೆ ಹತ್ತರಲ್ಲಿ ಒಂದು ಪಾಲು, ಅಂದರೆ 400ರಷ್ಟು, ಮುಟ್ಟದೆ ಇಡಿ. 4,350 ಆಯಿತು.

ಇದರಲ್ಲಿ ಒಂದು ಕಡೆ ಕಣ್ಣು ಹಾಯಿಸಿ. ನಾಲ್ಕು ಗಂಟೆಯ ತಿಂಡಿ, ನೀರು-ಜ್ಯೂಸು, ಮಕ್ಕಳ ರೊಕ್ಕ ಸೇರಿದರೆ 1,000. ಯಾವ ಊಟದ ಲೆಕ್ಕದಲ್ಲೂ ಬರದ ಖರ್ಚು ಇದು, ಆದರೂ ಒಟ್ಟು ಖರ್ಚಿನ ಕಾಲು ಭಾಗ. ಬೆಳಗಿನ ನಾಷ್ಟಾ ತಪ್ಪಿಸಿ ಒಳಗೆ ತಲೆಗೆ 150ರಂತೆ ತಿಂದರೆ 400ರ ಜಾಗದಲ್ಲಿ 750. ಬುತ್ತಿ ಕಟ್ಟದೆ ಹೊರಟರೆ ಹೋಗುವ ರಾತ್ರಿಯ ಊಟಕ್ಕೆ 200ರ ಜಾಗದಲ್ಲಿ 600. ಎರಡು ಕಡೆ ಅಸಡ್ಡೆ ಮಾಡಿದ್ದಕ್ಕೆ 750 ರೂಪಾಯಿ ಜಾಸ್ತಿ. ಆ ರೊಕ್ಕದಲ್ಲಿ ಐದೂ ಜನ ಬಿಡದಿಯಲ್ಲಿ ನಾಷ್ಟಾ ಮಾಡಿ, ಮೇಲೆ ಐಸ್‌ಕ್ರೀಮೂ ತಿನ್ನಬಹುದಿತ್ತು, ಅಲ್ವಾ?

10. ಬೆಂಗಳೂರು ಭಾರ ಅನಿಸಿದರೆ

ಈ ವರ್ಷ ಅಷ್ಟು ಖರ್ಚು ಆಗದು ಅನ್ನುವವರಿಗೆ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲೇ ಎರಡು ಒಳ್ಳೆಯ ಜಾಗ ಇವೆ. ಹೆದ್ದಾರಿ ಪಕ್ಕದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ನಮ್ಮ ಹಳ್ಳಿಯ ಬದುಕನ್ನೇ ಆಳೆತ್ತರದ ಮೂರ್ತಿಗಳಲ್ಲಿ ತೋರಿಸುವ ಜಾಗ. ಇನ್ನೊಂದು ಕುನ್ನೂರಿನ ಅಗಡಿ ತೋಟ. ಅಲ್ಲಿ ಟಿಕೆಟ್ಟಿನಲ್ಲೇ ಊಟ ಸೇರಿರುತ್ತದೆ, ಜೋಳದ ರೊಟ್ಟಿ ಊಟ. ಅಂಥ ಕಡೆ ಬೇರೆ ಲೆಕ್ಕವೇ ಬೇಡ. ದಾರಿಯ ಚಹಾ, ಮಿರ್ಚಿ-ಗಿರ್ಮಿಟ್ಟಿಗೆ ಒಂದಿಷ್ಟು ಇಟ್ಟುಕೊಂಡರೆ ಮುಗಿಯಿತು. ಮಹಿಳೆಯರಿಗೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇದೆ. ಆಧಾರ್ ಕಾರ್ಡ್ ಮರೆಯಬೇಡಿ.

11. ವಾಪಸ್ ಬರುವಾಗ

ಹಿಡಿತ ತಪ್ಪುವುದು ಇಲ್ಲೇ. ಎಲ್ಲರೂ ದಣಿದಿರುತ್ತಾರೆ, ಗೇಟಿನ ಹೊರಗೆ ಕಂಡ ಮೊದಲ ಹೋಟೆಲಿಗೆ ನುಗ್ಗುತ್ತಾರೆ. ರಾತ್ರಿ ಊಟ ಎಲ್ಲಿ ಎಂದು ಬೆಳಿಗ್ಗೆಯೇ ಗೊತ್ತು ಮಾಡಿಡಿ. ಮೆಜೆಸ್ಟಿಕ್ ಸುತ್ತಮುತ್ತ ದರ್ಶಿನಿಗಳು ಬೇಕಾದಷ್ಟಿವೆ. ರೈಲಿಗೆ ಒಂದೂವರೆ ತಾಸು ಮುಂಚೆ ಅಲ್ಲಿ ಇರುವ ಹಾಗೆ ಪಾರ್ಕಿನಿಂದ ಹೊರಡಿ. ಸಂಜೆ ಮೈಸೂರು ರಸ್ತೆಯಲ್ಲಿ ವಾಹನ ಸಂದಣಿ ಜಾಸ್ತಿ ಎಂಬುದೂ ಲೆಕ್ಕದಲ್ಲಿರಲಿ.

ಮಕ್ಕಳು ಉಣ್ಣುವ ಮೊದಲೇ ನಿದ್ದೆ ಹೋಗಬಹುದು. ಅವರ ಪಾಲಿಗೆ ಇಡ್ಲಿಯನ್ನೋ ಚಪಾತಿಯನ್ನೋ ಕಟ್ಟಿಸಿಕೊಳ್ಳಿ. ಚಟ್ನಿ, ಸಾಂಬಾರು ಬೇಡ. ಮನೆಯಿಂದ ತಂದ ಚಟ್ನಿಪುಡಿಯ ಒಂದು ಪೊಟ್ಟಣವನ್ನು ಇದಕ್ಕಾಗಿಯೇ ತೆಗೆದಿಟ್ಟಿರಿ. ನಡುರಾತ್ರಿ ಅರಸೀಕೆರೆಯ ಹತ್ತಿರ ಎದ್ದು "ಹಸಿವು" ಅಂದರೆ ಕೈಗೆ ಕೊಡಲು ಏನಾದರೂ ಇರಬೇಕು. ಆ ಹೊತ್ತಿನಲ್ಲಿ ರೈಲಿನಲ್ಲಿ ಮಾರುವವರು ಸಿಗುವುದು ಕಷ್ಟ.